ಗೋಧಿ ಸಲ್ಲದವರ ಪಂಕ್ತಿ



ಊಟದ ವಿಷಯವಾಗಿ ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ಅನನುಕೂಲವುಂಟು. ಒಗ್ಗರಣೆಯ ಪರಿಮಳವನ್ನು ಕೇಳುಗರ ಮನೆಗೆ ಮುಟ್ಟಿಸುವ ಯಂತ್ರವನ್ನು ಯಾರೂ ಇನ್ನೂ ನಿರ್ಮಿಸಿಲ್ಲವಾದ ಕಾರಣ ಅವನು ಬರಿಯ ಮಾತನ್ನೇ ಬಡಿಸಬೇಕು. ಅದರ ಮೇಲೆ ಈ ಸಂಜೆ ನಾನು ಹೇಳಹೊರಟಿರುವುದು ಗೋಧಿಯನ್ನು ಜೀವಮಾನಪರ್ಯಂತ ವರ್ಜಿಸಬೇಕಾದವರ ಊಟದ ವಿಚಾರ. ಪಥ್ಯವೆಂದೊಡನೆಯೇ ಗಂಜಿಯೂ ಸಪ್ಪೆಸಾರೂ ಜೋಲುಮೋರೆಯೂ ಜೊತೆಯಾಗಿ ಕಣ್ಣ ಮುಂದೆ ಬಂದು ನಿಲ್ಲುವುದು ನಮ್ಮಲ್ಲಿ ವಾಡಿಕೆಯಾದ್ದರಿಂದ, ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕನ್ನಡನಾಡಿನಲ್ಲಿ ಗೋಧಿ ಬಿಟ್ಟವನ ಎಲೆಯಲ್ಲಿ ರುಚಿಗೆ ಕೊರತೆಯಿಲ್ಲ, ಅವನು ಕಳೆದುಕೊಳ್ಳುವುದು, ಬಡಿಸಿದುದನ್ನು ವಿಚಾರಣೆ ಮಾಡದೆ ಉಣ್ಣುವ ನಿಶ್ಚಿಂತೆಯನ್ನು, ಅದನ್ನು ಅವನಿಗೆ ಹಿಂದಿರುಗಿಸುವುದು ಮನೆಯವರಿಂದಲೂ ಹೋಟೆಲಿನವರಿಂದಲೂ ಆಗತಕ್ಕ ಕೆಲಸ.

ಗೋಧಿಹಿಟ್ಟಿನ ಕಣಕವನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದರೆ ಪಿಷ್ಟಾಂಶವೆಲ್ಲ ಬೆಳ್ಳಗೆ ಕದಡಿ ಹರಿದುಹೋಗಿ, ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಒಂದು ಅಂಟುಮುದ್ದೆ ಕೈಯಲ್ಲಿ ಉಳಿಯುತ್ತದೆ. ಇದೇ ಗ್ಲುಟೆನ್. ಚಪಾತಿಯನ್ನು ತೆಳ್ಳಗೆ ಲಟ್ಟಿಸಲಾಗುವುದಕ್ಕೂ, ಬ್ರೆಡ್ಡು ಉಬ್ಬಿ ನಿಲ್ಲುವುದಕ್ಕೂ, ಹೋಳಿಗೆಯ ಕಣಕ ಹರಿಯದೆ ಹೂರಣವನ್ನು ಹೊದ್ದುಕೊಳ್ಳುವುದಕ್ಕೂ ಇದರ ಗುಣವೇ ಕಾರಣ. ಜವೆಗೋಧಿಯಲ್ಲಿಯೂ ಯೂರೋಪಿನ ರೈ ಎಂಬ ಧಾನ್ಯದಲ್ಲಿಯೂ ಇದೇ ಜಾತಿಯ ಸಸಾರಜನಕಗಳುಂಟು. ಬಹುಮಂದಿಗೆ ನಿರಪಾಯವಾದ ಈ ವಸ್ತು ಸೀಲಿಯಾಕ್ ಎಂಬ ವ್ಯಾಧಿಯುಳ್ಳವರ ಸಣ್ಣಕರುಳನ್ನು ಸೇರಿದಾಗ, ದೇಹದ ರಕ್ಷಣಾವ್ಯವಸ್ಥೆ ದಾರಿತಪ್ಪಿ ತನ್ನ ಕರುಳನ್ನೇ ತಾನು ನೋಯಿಸತೊಡಗುತ್ತದೆ. ಆಹಾರಸಾರವನ್ನು ಹೀರುವ ಸೂಕ್ಷ್ಮಾಂಕುರಗಳು ಸವೆದು ಚಪ್ಪಟೆಯಾಗುತ್ತವೆ. ಉಂಡದ್ದು ಮೈಗೆ ಹತ್ತದೆ ಅತಿಸಾರ, ರಕ್ತಹೀನತೆ, ಮೂಳೆಯ ದೌರ್ಬಲ್ಯ, ಮಕ್ಕಳಲ್ಲಾದರೆ ಕುಂಠಿತವಾದ ಬೆಳವಣಿಗೆ ಇವು ಒಂದೊಂದಾಗಿ ತಲೆದೋರುತ್ತವೆ.

1888ರಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ಗೀ ಎಂಬ ವೈದ್ಯನು ಈ ವ್ಯಾಧಿಯ ಲಕ್ಷಣಗಳನ್ನು ವಿಶದವಾಗಿ ಬರೆದು, ಇದಕ್ಕೆ ಉಪಶಮನವೆಂಬುದಿದ್ದರೆ ಅದು ಆಹಾರದಿಂದಲೇ ಬರಬೇಕೆಂದು ಊಹಿಸಿದನಾದರೂ, ಯಾವ ಆಹಾರವನ್ನು ಬಿಡಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಅದನ್ನು ಕಂಡವನು ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕ್ಕೆ. ಬ್ರೆಡ್ಡೇ ಮಕ್ಕಳಿಗೆ ವಿಷವಾಗುತ್ತಿರಬಹುದೆಂಬ ಸಂದೇಹ ಆತನಿಗೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಇತ್ತು. 1944-45ರ ಚಳಿಗಾಲದಲ್ಲಿ ಆ ದೇಶಕ್ಕೆ ಘೋರ ಕ್ಷಾಮ ಬಂದು ಜನರು ಟ್ಯುಲಿಪ್ ಹೂವಿನ ಗಡ್ಡೆಗಳನ್ನು ತಿಂದು ಜೀವ ಹಿಡಿದಿದ್ದಾಗ, ಊರಿಗೆ ಊರೇ ಬಡವಾದರೂ ಈ ರೋಗದ ಮಕ್ಕಳ ಸ್ಥಿತಿ ಗೋಧಿಯ ಅಭಾವದಲ್ಲಿ ಉತ್ತಮಗೊಂಡುದು ಆ ಸಂದೇಹವನ್ನು ದೃಢಪಡಿಸಿತು. 1950ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಆತನು ಒಪ್ಪಿಸಿದ ಪ್ರಬಂಧದಿಂದ ಈ ಸಂಗತಿ ಲೋಕವಿದಿತವಾಯಿತು. ಅಂದಿನಿಂದ ಇಂದಿನವರೆಗೆ ಈ ವ್ಯಾಧಿಗೆ ಒಪ್ಪಿತವಾದ ಚಿಕಿತ್ಸೆ ಒಂದೇ, ಅದು ಪಥ್ಯ. ಔಷಧಿಯಂಗಡಿಯ ಮಾತನ್ನು ಬಿಟ್ಟು ಅಡುಗೆಮನೆಯ ಮಾತನ್ನು ನಾನು ಆಡುತ್ತಿರುವುದಕ್ಕೆ ಇದೇ ಸಮರ್ಥನೆ.

ಗೋಧಿಯೇ ಪ್ರಧಾನಾಹಾರವಾದ ಉತ್ತರ ಭಾರತದಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಇರುವ ಈ ವ್ಯಾಧಿ ನಮ್ಮ ದಕ್ಷಿಣದಲ್ಲಿ ಅದಕ್ಕಿಂತ ಬಹಳ ವಿರಳ. ವಿರಳವಾದುದರಿಂದಲೇ ಗುರುತಿಸುವುದು ತಡವಾಗುತ್ತದೆ. ನನ್ನ ತಂಗಿಯ ಮಗಳು ಕಾಲೇಜಿಗೆ ಹೋಗುವ ವಯಸ್ಸಿಗೆ ಬರುವವರೆಗೂ ಅವಳ ಸೊರಗಿಗೆ ಜಂತುಹುಳದಿಂದ ಹಿಡಿದು ದೃಷ್ಟಿದೋಷದವರೆಗೆ ಎಲ್ಲ ಕಾರಣಗಳನ್ನೂ ನಮ್ಮ ಮನೆಯಲ್ಲಿ ಚರ್ಚಿಸಿದ್ದುಂಟು. ಗೋಧಿಯ ಮೇಲೆ ಮಾತ್ರ ಯಾರ ಕಣ್ಣೂ ಬಿದ್ದಿರಲಿಲ್ಲ. ಈ ಸಂದರ್ಭದಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾದೀತು. ಸಂಶಯ ಬಂದ ಮಾತ್ರಕ್ಕೆ ಗೋಧಿಯನ್ನು ಬಿಟ್ಟು ಆಮೇಲೆ ವೈದ್ಯರಲ್ಲಿಗೆ ಹೋಗಬಾರದು. ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆಯಾದರೆ ರೋಗ ಕಾಣಿಸುತ್ತದೆ, ಬಿಟ್ಟು ಕೆಲವು ಕಾಲ ಕಳೆದರೆ ಮರೆಯಾಗಿಬಿಡಬಹುದು. ಇನ್ನು ಯಾವ ವ್ಯಾಧಿಯೂ ಇಲ್ಲದೆ ಕೇವಲ ನಾಗರಿಕತೆಯ ಕುರುಹಾಗಿ ಗೋಧಿಯನ್ನು ತ್ಯಜಿಸುವವರ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ಅವರು ಹೋಟೆಲಿನಲ್ಲಿ ಒಂದು ದಿನ ಬೇಡವೆಂದು ಮರುದಿನ ಕೇಕು ತರಿಸಿಕೊಳ್ಳುವುದರಿಂದ, ನಿಜವಾದ ರೋಗಿಯ ಮಾತನ್ನು ಮಾಣಿ ನಂಬದಂತಾಗುತ್ತದೆ ಎಂಬುದಷ್ಟೇ ನನ್ನ ಆಕ್ಷೇಪಣೆ.

ಈಗ ಅಡುಗೆಮನೆಗೆ ಬರೋಣ. ಕನಕದಾಸರ ರಾಮಧಾನ್ಯಚರಿತ್ರೆಯನ್ನು ಓದಿದವರಿಗೆ, ಅದರಲ್ಲಿ ಹಿರಿಮೆಗಾಗಿ ವ್ಯಾಜ್ಯ ಹೂಡಿದ ಎರಡು ಧಾನ್ಯಗಳು ಭತ್ತ ಮತ್ತು ರಾಗಿ ಎಂಬುದು ನೆನಪಿರಬಹುದು. ಗೋಧಿ ಆ ವ್ಯಾಜ್ಯದ ಕಕ್ಷಿಯೇ ಅಲ್ಲ. ನಮ್ಮ ಹೊಟ್ಟೆಗೆ ನೆಮ್ಮದಿ ಕೊಡುವ ಊಟವೆಂದು ನಾವು ಮಳೆಯ ದಿನ, ಜ್ವರ ಬಿಟ್ಟ ದಿನ, ಪರಸ್ಥಳದಿಂದ ಹಿಂದಿರುಗಿದ ದಿನ ಏನನ್ನು ಬಯಸುವೆವೋ ಅದನ್ನು ಪ್ರಾಂತ ಪ್ರಾಂತವಾಗಿ ನೆನೆದುಕೊಳ್ಳಿ: ಹಳೆಯ ಮೈಸೂರಿನವರಿಗೆ ಮುದ್ದೆಯೂ ಬಸ್ಸಾರೂ, ಧಾರವಾಡ ವಿಜಯಪುರಗಳವರಿಗೆ ಜೋಳದ ರೊಟ್ಟಿಯೂ ಎಣ್ಣೆಗಾಯಿಯೂ, ಮಲೆನಾಡಿನವರಿಗೆ ಉಕ್ಕರಿಸಿದ ಹಿಟ್ಟಿನ ಅಕ್ಕಿರೊಟ್ಟಿ, ಕರಾವಳಿಯವರಿಗೆ ನೀರುದೋಸೆ, ಕೊಡಗಿನವರಿಗೆ ಕಡಂಬುಟ್ಟು, ಎಲ್ಲರಿಗೂ ಕೊನೆಗೊಂದು ತುತ್ತು ಮೊಸರನ್ನ. ಇವುಗಳಲ್ಲಿ ಯಾವುದಕ್ಕೂ ಗೋಧಿಯ ಹಂಗಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಇಂಥ ರೋಗಿಗೆ ನಿತ್ಯದ ಬ್ರೆಡ್ಡೇ ತಪ್ಪಿಹೋಗುವುದರಿಂದ ಬಾಳೇ ಬದಲಾಗುತ್ತದೆ. ನಮ್ಮಲ್ಲಿ ನಿತ್ಯದ ಊಟ ಹಾಗೆಯೇ ಉಳಿದು ನೈಮಿತ್ತಿಕ ಭಕ್ಷ್ಯಗಳು ಮಾತ್ರ ಕೈಬಿಡುತ್ತವೆ.

ಅಂಟಿಲ್ಲದ ಹಿಟ್ಟನ್ನು ಪಳಗಿಸಿಕೊಂಡ ನಮ್ಮ ಹೆಂಗಸರ ಪಾಕಕೌಶಲವನ್ನು ಇಲ್ಲಿ ಸ್ವಲ್ಪ ನಿಂತು ನೋಡತಕ್ಕದ್ದು. ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ಕಲಸಿದರೆ ಅದು ಬಿರುಕು ಬಿಟ್ಟು ಪುಡಿಯಾಗುತ್ತದೆ. ಕುದಿಯುವ ಎಸರನ್ನು ಹೊಯ್ದಾಗ ಅದರ ಪಿಷ್ಟವೇ ಅರೆಬೆಂದು ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಆಗಲೂ ಲಟ್ಟಣಿಗೆಗೆ ಸುಲಭವಾಗಿ ಬಗ್ಗದೆ ಅಂಗೈಯ ತಟ್ಟುವಿಕೆಗೆ ಮಾತ್ರ ಒಲಿದು ವರ್ತುಲವಾಗಿ ಹರಡಿಕೊಂಡು, ಹಂಚಿನ ಮೇಲೆ ಬಿದ್ದ ಬಳಿಕ ಮೇಲ್ಮೈಗೆ ಒದ್ದೆಬಟ್ಟೆಯ ನೀರನ್ನು ಸವರಿಸಿಕೊಂಡು, ಕೆಂಡದ ಮುಂದೆ ಉಬ್ಬಿ ನಿಲ್ಲುತ್ತದೆ. ಮುದ್ದೆಯಲ್ಲಿಯೂ ಇದೇ ಉಪಾಯ: ಮರಳುವ ಎಸರಿಗೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, ಅವಸರಪಡದೆ ಬೇಯಲು ಬಿಟ್ಟು, ಆಮೇಲೆ ಗಂಟಿಲ್ಲದಂತೆ ತೊಳಸಿ ಒದ್ದೆಗೈಯಲ್ಲಿ ಕಟ್ಟುವುದು. ಇಡ್ಲಿಯ ವಿಷಯವಂತೂ ಇನ್ನೂ ಕೌತುಕಕರ. ಬ್ರೆಡ್ಡಿನಲ್ಲಿ ಗಾಳಿಯನ್ನು ಗ್ಲುಟೆನ್ ಹಿಡಿದಿಡುವಂತೆ, ಇಡ್ಲಿಯ ಹಿಟ್ಟಿನಲ್ಲಿ ರಾತ್ರಿಯಿಡೀ ಹುಟ್ಟುವ ಗಾಳಿಗುಳ್ಳೆಗಳನ್ನು ಉದ್ದಿನ ಲೋಳೆ ಹಿಡಿದಿಡುತ್ತದೆ. ಹುಳಿಯಿಸುವ ಕೆಲಸವನ್ನು ಲ್ಯೂಕನಾಸ್ಟಾಕ್ ಮುಂತಾದ ಸೂಕ್ಷ್ಮಜೀವಿಗಳು ಕೂಲಿ ಕೇಳದೆ ನಡೆಸುತ್ತವೆ. ಗ್ಲುಟೆನ್ನಿಲ್ಲದೆ ಹಿಟ್ಟನ್ನು ಉಬ್ಬಿಸುವುದು ಹೇಗೆಂದು ಇಂದು ಪರದೇಶದ ಪ್ರಯೋಗಶಾಲೆಗಳು ಚಿಂತಿಸುತ್ತಿರುವ ಪ್ರಶ್ನೆಗೆ ನಮ್ಮ ರುಬ್ಬುವ ಕಲ್ಲು ಎಂದೋ ಉತ್ತರ ಕೊಟ್ಟಿತ್ತು.

ಹಾಗಾದರೆ ತೊಂದರೆ ಎಲ್ಲಿ? ಗೋಧಿ ನಮ್ಮಲ್ಲಿ ಫಲಾಹಾರದ ವೇಷದಲ್ಲಿ ನಡುಮನೆಯನ್ನು ಹೊಕ್ಕಿದೆ. ಏಕಾದಶಿಯ ದಿನ, ಶನಿವಾರದ ಒಪ್ಪೊತ್ತಿನಲ್ಲಿ, ಅನ್ನ ಬಿಟ್ಟವರಿಗೆ ಉಪ್ಪಿಟ್ಟು. ಸಕ್ಕರೆಕಾಯಿಲೆ ಬಂದವರಿಗೆ ರಾತ್ರಿ ಚಪಾತಿ. ನೆಂಟರು ಅನಿರೀಕ್ಷಿತವಾಗಿ ಬಂದರೆ ಕೇಸರಿಬಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಬೆಂಗಳೂರಿನ ಎಂ.ಟಿ.ಆರ್. ಉಪಾಹಾರಗೃಹದವರು ಗೋಧಿಯ ರವೆಯಿಂದ ಇಡ್ಲಿ ಮಾಡಿ ನೋಡಿ ಯಶಸ್ವಿಯಾದರೆಂದು ಆ ಮನೆಯವರೇ ಹೇಳಿಕೊಳ್ಳುತ್ತಾರೆ. ಗೋಡಂಬಿಯಿಂದ ಅಲಂಕೃತವಾದ ಆ ರವೆಇಡ್ಲಿಯ ರುಚಿಯ ಬಗ್ಗೆ ನನಗೆ ಪರಮ ಗೌರವವಿದ್ದಾಗ್ಯೂ, ಇಡ್ಲಿಯೆಂದ ಮೇಲೆ ಭಯವಿಲ್ಲವೆಂಬ ನಂಬಿಕೆಗೆ ಅದರಿಂದ ಭಂಗ ಬಂದಿತೆಂಬುದನ್ನು ಒಪ್ಪಲೇಬೇಕು. ಉತ್ತರ ಕರ್ನಾಟಕದಲ್ಲಿ ನಿತ್ಯದ ರೊಟ್ಟಿ ಜೋಳದ್ದಾದರೂ ಹಬ್ಬ ಬಂದರೆ ಗೋಧಿಹುಗ್ಗಿಯೂ ಮಾದಲಿಯೂ ಬರುತ್ತವೆ. ಇವೆಲ್ಲ ಕಣ್ಣಿಗೆ ಕಾಣುವ ಗೋಧಿ. ಕಾಣದ ಗೋಧಿಯ ವಿಷಯ ಬೇರೆ.

ಕಾಣದ ಗೋಧಿಯಲ್ಲಿ ಅಗ್ರಸ್ಥಾನ ಇಂಗಿಗೆ. ಆಫ್ಘಾನಿಸ್ತಾನ, ಇರಾನುಗಳ ಕಡೆಯ ಒಂದು ಗಿಡದ ಬೇರಿನಿಂದ ಒಸರುವ ಶುದ್ಧ ಇಂಗು ಅತಿ ಉಗ್ರವಾದುದರಿಂದ ಅದನ್ನು ಅಂಟು ಮತ್ತು ಹಿಟ್ಟಿನೊಡನೆ ಬೆರೆಸಿ ಸೌಮ್ಯಗೊಳಿಸಿ ಮಾರುವುದು ವ್ಯಾಪಾರದ ಪದ್ಧತಿ, ಆ ಹಿಟ್ಟು ಬಹುಮಟ್ಟಿಗೆ ಮೈದಾ. ನಮ್ಮ ಅಡುಗೆಯಲ್ಲಿ ಇಂಗು ತಲುಪದ ಸ್ಥಳವಾದರೂ ಯಾವುದು? ಸಾರು, ಹುಳಿ, ಗೊಜ್ಜು, ಮೊಸರನ್ನದ ಒಗ್ಗರಣೆ, ಹಪ್ಪಳ, ಸಂಡಿಗೆ, ಚಕ್ಕುಲಿ, ಉಪ್ಪಿನಕಾಯಿ, ಸಾರಿನಪುಡಿಯ ಡಬ್ಬಿ, ಎಲ್ಲೆಲ್ಲಿಯೂ ಅದು ಚಿಟಿಕೆಯಾಗಿ ಇದ್ದೇ ಇದೆ. ನಮ್ಮ ಹುಡುಗಿ ಗೋಧಿಯ ಡಬ್ಬಿಗಳನ್ನೆಲ್ಲ ಅಟ್ಟಕ್ಕೇರಿಸಿದ ಮೇಲೆಯೂ ಬಹುದಿನ ಚೇತರಿಸಿಕೊಳ್ಳದೆ ಇದ್ದುದಕ್ಕೆ ತಿಳಿಸಾರೇ ಕಾರಣವೆಂದು ಕಡೆಗೆ ಗೊತ್ತಾದಾಗ, ಮನೆಯ ಹಿರಿಯರು, ಜೀರ್ಣಕಾರಿಯೆಂದು ತಾವೇ ಪ್ರೀತಿಯಿಂದ ಸುರಿಯುತ್ತಿದ್ದ ಇಂಗಿನ ಕಡೆಗೆ ದೀರ್ಘಕಾಲ ಮೌನವಾಗಿ ನೋಡಿದರು. ಗಟ್ಟಿಯಾಗಿದ್ದರೆ ಶುದ್ಧವೆಂದೂ ಪುಡಿಯಾಗಿದ್ದರೆ ಮಿಶ್ರವೆಂದೂ ತಿಳಿಯುವಂತಿಲ್ಲ. ಡಬ್ಬಿಯ ಮೇಲಿನ ಬರಹವನ್ನು ಓದುವುದೇ ದಾರಿ. ಅಕ್ಕಿಹಿಟ್ಟಿನಲ್ಲಿ ಬೆರೆಸಿದ ಇಂಗು ಈಗ ದೊರೆಯುತ್ತದೆ. ದೊರೆಯದ ಊರಿನಲ್ಲಿ ಬೆಳ್ಳುಳ್ಳಿಗೆ ಅಡ್ಡಿಯಿಲ್ಲದವರು ಬೆಳ್ಳುಳ್ಳಿಯ ಒಗ್ಗರಣೆಗೆ ಬರಬಹುದು. ಕೊಡುಬಳೆ, ನಿಪ್ಪಟ್ಟುಗಳಿಗೆ ಅಂಗಡಿಯವರು ಮೈದಾ ಸೇರಿಸುವುದುಂಟು. ಸಿದ್ಧಪಡಿಸಿದ ಮಾಲ್ಟ್ ಪೇಯಗಳಲ್ಲಿ ಜವೆಗೋಧಿ ಇರುತ್ತದೆ; ಮನೆಯಲ್ಲಿ ಮೊಳಕೆ ಕಟ್ಟಿ ಹುರಿದು ಬೀಸಿದ ರಾಗಿಯ ಹುರಿಹಿಟ್ಟಿಗೆ ಆ ದೋಷವಿಲ್ಲ. ಒಂದು ಕಿಲೋಗ್ರಾಂ ಆಹಾರದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂಬುದು, ಗ್ಲುಟೆನ್‌ರಹಿತವೆಂಬ ಹೆಸರಿನಲ್ಲಿ ಮಾರಲು ನಮ್ಮ ದೇಶದ ಕಾನೂನು ವಿಧಿಸಿರುವ ಮಿತಿ. ಚಿಟಿಕೆಯ ಲೆಕ್ಕವನ್ನು ನಾನು ಹಿಡಿದಿರುವುದು ಜಿಪುಣತನದಿಂದಲ್ಲವೆಂಬುದು ಇದರಿಂದ ತಮಗೆ ವಿದಿತವಾದೀತು.

ಇನ್ನು ಹೋಟೆಲಿಗೆ ಹೋಗುವ ವಿಷಯ. ಕನ್ನಡಿಗನಿಗೆ ಹೋಟೆಲೆಂಬುದು ಹಸಿವಿಗಿಂತ ಹೆಚ್ಚಾಗಿ ಸ್ನೇಹಕ್ಕೆ ಸಂಬಂಧಪಟ್ಟದ್ದು. ಗೆಳೆಯರೆಲ್ಲರೂ ದೋಸೆಗೆ ಕೈಹಾಕಿರುವಾಗ ಬರಿಯ ಕಾಫಿಯ ಮುಂದೆ ಕುಳಿತುಕೊಳ್ಳುವುದಕ್ಕಿಂತ ಮನೆಯಲ್ಲಿರುವುದೇ ಮೇಲೆಂದು ರೋಗಿಗೆ ತೋರುತ್ತದೆ. ಆದರೆ ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಗಮನಿಸಿರಬಹುದು: ಬಿಡದಿಯಲ್ಲಿ ಅಕ್ಕಿ ಉದ್ದುಗಳ ತಟ್ಟೆಇಡ್ಲಿ, ಅದೇ ಹಾದಿಯಲ್ಲಿ ಮುಂದೆ ಹೋದರೆ ರವೆ ಮೈದಾಗಳು ಸೇರಿದ ಮದ್ದೂರು ವಡೆ. ಎರಡೂ ಕೀರ್ತಿವಂತ ತಿಂಡಿಗಳೇ. ಒಂದು ಸಲ್ಲುತ್ತದೆ, ಇನ್ನೊಂದು ಸಲ್ಲುವುದಿಲ್ಲ. ಹೀಗೆ ಊರೂರಿನ ತಿಂಡಿಯ ಜಾತಕವನ್ನು ತಿಳಿದವನಿಗೆ ಪ್ರಯಾಣ ದುಸ್ತರವಲ್ಲ.

ಪದಾರ್ಥದಷ್ಟೇ ಮುಖ್ಯವಾದುದು ಅದು ಬೆಂದ ಸ್ಥಳ. ಮಸಾಲೆದೋಸೆಯಲ್ಲಿ ಗೋಧಿಯಿಲ್ಲದಿರಬಹುದು, ಆದರೆ ಅದೇ ಕಾವಲಿಯ ಮೇಲೆ ಒಂದು ಕ್ಷಣ ಮೊದಲು ರವೆದೋಸೆ ಹುಯ್ದಿದ್ದರೆ, ನೀರು ಚಿಮುಕಿಸಿ ಪೊರಕೆಯಾಡಿಸಿದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ. ಕಡಲೆಹಿಟ್ಟಿನ ಬಜ್ಜಿ ನಿರ್ದೋಷಿ. ಪೂರಿ ಕರಿದ ಬಾಣಲೆಯ ಸಹವಾಸದಿಂದ ಅದು ಕೆಡುತ್ತದೆ. ಒಮ್ಮೆ ಒಂದು ದೊಡ್ಡ ಹೋಟೆಲಿನಲ್ಲಿ ರಾಗಿದೋಸೆಯೆಂದು ಫಲಕದ ಮೇಲೆ ಬರೆದುದನ್ನು ನಂಬಿ ತರಿಸಿ, ನಮ್ಮ ಹುಡುಗಿ ಆ ರಾತ್ರಿಯನ್ನು ಬಹು ಸಂಕಟದಲ್ಲಿ ಕಳೆದಳು. ಹಿಟ್ಟು ಹರಡಿಕೊಳ್ಳಲೆಂದು ಅದಕ್ಕೆ ಮೈದಾ ಬೆರೆಸುವುದು ಅವರ ರೂಢಿಯೆಂದು ಆಮೇಲೆ ತಿಳಿಯಿತು. ಅಂದಿನಿಂದ ನಾವು ಮಾಣಿಯನ್ನು, ಗ್ಲುಟೆನ್ ಇದೆಯೇ ಎಂದು ಕೇಳುವುದನ್ನು ಬಿಟ್ಟಿದ್ದೇವೆ. ಆತನು ಅಪರಿಚಿತವಾದ ಶಬ್ದಕ್ಕೆ ಇಲ್ಲವೆಂದೇ ತಲೆಯಾಡಿಸುತ್ತಾನೆ. ಮೈದಾ ಹಾಕಿದ್ದೀರಾ, ರವೆ ಹಾಕಿದ್ದೀರಾ, ಹಾಕಿದ್ದರೆ ಗೋಧಿಯ ರವೆಯೋ ಅಕ್ಕಿಯ ತರಿಯೋ, ಇದೇ ಕಾವಲಿಯ ಮೇಲೆ ರವೆದೋಸೆ ಹುಯ್ಯುತ್ತೀರಾ ಎಂದು ಬಿಡಿಬಿಡಿಯಾಗಿ ಕೇಳಿದರೆ ಒಳಗಿನ ಭಟ್ಟರಿಂದ ನಿಜವಾದ ಉತ್ತರ ಬರುತ್ತದೆ. ಸಾಂಬಾರನ್ನು ಬಿಟ್ಟು ಕಾಯಿಚಟ್ನಿಗೆ, ಅದೂ ಒಗ್ಗರಣೆ ಬೀಳುವ ಮುನ್ನ ತೆಗೆದದ್ದಕ್ಕೆ, ತೃಪ್ತಿಪಟ್ಟರೆ ಇಂಗಿನ ಭಯವೂ ತಪ್ಪಿತು.

ನನ್ನ ಅನುಭವದಲ್ಲಿ, ನೂರು ತಿಂಡಿಗಳ ಪಟ್ಟಿಯುಳ್ಳ ಭವ್ಯ ಮಂದಿರಗಳಿಗಿಂತ ಒಂದೇ ತಿಂಡಿಯನ್ನು ಮಾಡುವ ಚಿಕ್ಕ ಅಂಗಡಿಗಳು ಇಂಥವರಿಗೆ ಹೆಚ್ಚು ಆತ್ಮೀಯ. ದಾವಣಗೆರೆಯ ಬೆಣ್ಣೆದೋಸೆಯ ಅಂಗಡಿಯಲ್ಲಿ ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟಿನ ದೋಸೆಯಲ್ಲದೆ ಬೇರೇನೂ ಆ ಕಾವಲಿಯನ್ನು ಮುಟ್ಟದಿದ್ದಲ್ಲಿ, ಬೆಣ್ಣೆಯ ಹೊರತು ಮತ್ತಾವುದರ ಲೆಕ್ಕವನ್ನೂ ಇಡಬೇಕಾಗಿಲ್ಲ. ಹುಬ್ಬಳ್ಳಿಯ ಕಡೆಯ ಒಂದು ಖಾನಾವಳಿಯಲ್ಲಿ ನಾವು ಎಂದಿನ ಪ್ರಶ್ನಾವಳಿಯನ್ನು ಆರಂಭಿಸುತ್ತಿದ್ದಂತೆಯೇ ಒಲೆಯ ಮುಂದಿದ್ದ ಹಿರಿಯಾಕೆ ತಲೆಯೆತ್ತಿ, ‘ರೊಟ್ಟಿ ಹಂಚು ಬ್ಯಾರೆ, ಚಪಾತಿ ಹಂಚು ಬ್ಯಾರೆ ಐತ್ರಿ. ಎಣ್ಣಿ ಹತ್ತಿದ ಹಂಚಿನ ಮ್ಯಾಲ ಜ್ವಾಳದ ರೊಟ್ಟಿ ಎಲ್ಲಿ ಬರ್ತೈತಿ? ನೀವು ಚಿಂತಿ ಬಿಟ್ಟು ಕುಂದರ್ರಿ’ ಎಂದು ಬಿಸಿರೊಟ್ಟಿಯನ್ನು ಎಸೆದಂತೆಯೇ ತಟ್ಟೆಗೆ ಹಾಕಿದಳು. ಆಕೆ ಆ ವ್ಯವಸ್ಥೆಯನ್ನು ಮಾಡಿದುದು ರೊಟ್ಟಿಯ ಮೇಲಿನ ಗೌರವದಿಂದಲೇ ಹೊರತು ನಮ್ಮ ಹುಡುಗಿಯ ಕರುಳಿನ ಮೇಲಿನ ಕರುಣೆಯಿಂದಲ್ಲ. ಆದರೂ ಶೇಂಗಾಚಟ್ನಿ, ಗುರೆಳ್ಳು ಪುಡಿ, ಪುಂಡಿಪಲ್ಯಗಳೊಡನೆ ಅಂದು ಅವಳು ಉಂಡ ಊಟದಲ್ಲಿ ಮೂರನೆಯ ರೊಟ್ಟಿಯ ತನಕ ಯಾರೂ ಮಾತನಾಡಲಿಲ್ಲ.

ನೆಂಟರ ಮನೆ ಹೋಟೆಲಿಗಿಂತ ಕಷ್ಟ. ಹೋಟೆಲಿನವನಿಗೆ ಬೇಡವೆಂದರೆ ಬೇಡ, ಅಜ್ಜಿಗೆ ಹಾಗೆನ್ನಲಾಗುವುದೇ? ‘ಒಂದೇ ಒಂದು ತುಂಡು ಹೋಳಿಗೆ ತಿಂದ್ರೆ ಏನಾಗತ್ತೆ ಮಗೂ? ತುಪ್ಪ ಹಾಕ್ಕೊಂಡು ತಿನ್ನು, ಅದೇ ಅರಗಿಸತ್ತೆ’ ಎಂಬ ವಾತ್ಸಲ್ಯದ ಮುಂದೆ ವೈದ್ಯಶಾಸ್ತ್ರ ಕುಗ್ಗಿಹೋಗುತ್ತದೆ. ಸತ್ಯನಾರಾಯಣಪೂಜೆಯ ಸಪಾದಭಕ್ಷ್ಯವಂತೂ ಧರ್ಮಸಂಕಟದ ಪರಾಕಾಷ್ಠೆ: ಪ್ರಸಾದವನ್ನು ನಿರಾಕರಿಸಿದವರಿಗೆ ಏನಾಯಿತೆಂಬುದನ್ನು ಆಗತಾನೆ ಕಥೆಯಲ್ಲಿ ಕೇಳಿಸಿರುತ್ತಾರೆ, ಕೈಯಲ್ಲಿಡುವುದು ಗೋಧಿಯ ರವೆ. ನಮ್ಮ ಪುರೋಹಿತರು ಇದಕ್ಕೆ ಕಂಡುಕೊಟ್ಟ ಪರಿಹಾರ ಸರಳವಾದುದು. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡು, ನೀನು ಪಂಚಾಮೃತವನ್ನೂ ಬಾಳೆಯ ಹಣ್ಣನ್ನೂ ತೆಗೆದುಕೋ, ದೇವರು ವೈದ್ಯರಿಗಿಂತ ಕಡಿಮೆ ತಿಳಿದವನಲ್ಲ ಎಂದರು. ಆ ದಿನ ಅವರಿಗೆ ಸಂದ ದಕ್ಷಿಣೆ ವಾಡಿಕೆಗಿಂತ ಹೆಚ್ಚಾಗಿತ್ತೆಂದು ಕೇಳಿದ್ದೇನೆ.

ಗ್ಲುಟೆನ್‌ರಹಿತವೆಂಬ ಮುದ್ರೆಯುಳ್ಳ ಬ್ರೆಡ್ಡುಗಳೂ ಬಿಸ್ಕತ್ತುಗಳೂ ಈಗ ಪೇಟೆಯಲ್ಲಿ ದೊರೆಯುತ್ತವೆ. ಅವುಗಳ ಬೆಲೆ ಹೆಚ್ಚು, ರುಚಿ ಅಷ್ಟಕ್ಕಷ್ಟೆ. ಗೋಧಿಯ ವೇಷವನ್ನು ಹಾಕಿಕೊಂಡು ಗೋಧಿಯಾಗಲಾರದೆ ಉಳಿಯುವ ಈ ಪದಾರ್ಥಗಳಿಗಿಂತ, ತಾವು ತಾವಾಗಿಯೇ ಇರುವ ರೊಟ್ಟಿ ಕಡುಬುಗಳನ್ನು ನಾನು ಇಷ್ಟಪಡುತ್ತೇನೆ. ಶಾಲೆಯ ಮಕ್ಕಳಿಗೆ, ಎಲ್ಲರಂತೆ ತಾವೂ ಬಿಸ್ಕತ್ತು ತಿನ್ನಬೇಕೆಂಬ ಆಸೆಯಿರುವಲ್ಲಿ, ಅವಕ್ಕೂ ಒಂದು ಪ್ರಯೋಜನವುಂಟೆಂಬುದನ್ನು ಅಲ್ಲಗಳೆಯುವುದಿಲ್ಲ.

ಹೋಳಿಗೆಯ ವಿಷಯದಲ್ಲಿ ಮಾತ್ರ ನಾನು ಸಾಂತ್ವನ ಹೇಳಲಾರೆ. ಕಣಕದ ಆ ಜಗ್ಗುವ ಗುಣ ಅಕ್ಕಿಹಿಟ್ಟಿಗೆ ಬಾರದು, ರಾಗಿಗೆ ಬಾರದು, ಸಿರಿಧಾನ್ಯಗಳಲ್ಲಿ ಯಾವುದಕ್ಕೂ ಬಾರದು. ನನ್ನ ತಂಗಿ ಹಲವು ಹಿಟ್ಟುಗಳನ್ನು ಬೆರೆಸಿ ಪ್ರಯತ್ನಿಸಿ, ಕಾವಲಿಯ ಮೇಲೆ ಹರಿದುಹೋದ ಹೋಳಿಗೆಗಳನ್ನು ಉಂಡೆಕಟ್ಟಿ ನಮಗೆ ಹಂಚಿ, ಆ ಪ್ರಯತ್ನವನ್ನು ಕೈಬಿಟ್ಟಳು. ಈಗ ಅವಳ ಮನೆಯಲ್ಲಿ ಯುಗಾದಿಯ ಹೂರಣ ಎರಡು ಪಾಲಾಗುತ್ತದೆ. ಒಂದು ಪಾಲು ಕಣಕದೊಳಗೆ ಹೋಳಿಗೆಯಾಗುತ್ತದೆ. ಇನ್ನೊಂದು, ಬೇರೆ ಪಾತ್ರೆಯಲ್ಲಿ, ಬೇರೆ ಕೈಯಿಂದ, ಉಕ್ಕರಿಸಿದ ಅಕ್ಕಿಹಿಟ್ಟಿನ ಹಾಳೆಯೊಳಗೆ ಸೇರಿ ಹಬೆಯಲ್ಲಿ ಬೆಂದು ಸಿಹಿಕಡುಬಾಗುತ್ತದೆ. ಕಡುಬಿನ ಮೇಲೆ ಕಾಯಿಸಿದ ತುಪ್ಪ ಬಿದ್ದಾಗ ಏಲಕ್ಕಿಯ ಪರಿಮಳ ನಡುಮನೆಯವರೆಗೂ ಬರುವುದರಿಂದ, ಹೋಳಿಗೆ ಸಲ್ಲುವವರೂ ಕಡುಬಿನ ಪಾತ್ರೆಯ ಬಳಿಗೆ ಸುಳಿಯುತ್ತಾರೆ. ಕಳೆದ ಯುಗಾದಿಯಂದು ನಮ್ಮ ಭಾವನವರೇ ಅದನ್ನು ಅರ್ಧ ಬರಿದು ಮಾಡಿದರೆಂದು ದೂರು ಬಂದಿದ್ದರಿಂದ, ಮಗಳ ಊಟವಾಗುವ ತನಕ ಅದರ ಮುಚ್ಚಳವನ್ನು ಯಾರೂ ತೆಗೆಯಕೂಡದೆಂದು ನನ್ನ ತಂಗಿ ಕಟ್ಟಪ್ಪಣೆ ಮಾಡಿದ್ದಾಳೆ.